ಓವರ್‌ಕ್ಲಾಕಿಂಗ್‌ಗೆ ಒಪ್ಪುವ ಮದರ್‌ಬೋರ್ಡ್: ಮೊದಲ ಬಾರಿಗೆ ಕಂಪ್ಯೂಟರ್ ಜೋಡಿಸುವವರಿಗೆ ಒಂದು ವಿವರಣೆ

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿದ ಬಳಿಕ, ಹಳೆಯ ಕಂಪ್ಯೂಟರ್ ಇರುವ ಮನೆಗಳಲ್ಲಿ ಹೊಸದರ ಮಾತು ಶುರುವಾಗಿದೆ. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು. ಇಂಟೆಲ್‌ನ ಎಂಟನೆಯ ತಲೆಮಾರಿಗಿಂತ ಹಿಂದಿನ ಪ್ರೊಸೆಸರ್‌ಗಳಲ್ಲಿ ಹೆಚ್ಚಿನವು ಅದರ ಅಂಗೀಕೃತ ಪಟ್ಟಿಯಲ್ಲಿಲ್ಲ. ಹೀಗಾಗಿ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಕಾಲೇಜು ವಿದ್ಯಾರ್ಥಿಗಳಲ್ಲಿ ಕೆಲವರು ಅಂಗಡಿಯ ಸಿದ್ಧ ಕಂಪ್ಯೂಟರನ್ನು ಕೊಳ್ಳುವ ಬದಲು ಬಿಡಿಭಾಗಗಳನ್ನು ತಂದು ತಾವೇ ಜೋಡಿಸಲು ಹೊರಟಿದ್ದಾರೆ. ಅವರಲ್ಲಿಯೂ ಕೆಲವರಿಗೆ ಪ್ರೊಸೆಸರನ್ನು ಅದರ ನಿಗದಿತ ವೇಗಕ್ಕಿಂತ ಹೆಚ್ಚು ಓಡಿಸಬೇಕೆಂಬ, ಎಂದರೆ ಓವರ್‌ಕ್ಲಾಕ್ ಮಾಡಬೇಕೆಂಬ ಆಸೆ ಇದೆ. ಈ ಆಸೆ ಈಡೇರುವುದೂ ಕೈಕೊಡುವುದೂ ಬಹುಮಟ್ಟಿಗೆ ಮದರ್‌ಬೋರ್ಡಿನ ಆಯ್ಕೆಯ ಮೇಲೆ ನಿಂತಿದೆ. ಹಾಗಿದ್ದೂ, ಪೆಟ್ಟಿಗೆಯ ಮೇಲೆ ಬರೆದದ್ದನ್ನು ಓದಿ ಅರ್ಥ ಮಾಡಿಕೊಳ್ಳುವುದು ಅತ್ಯಂತ ಕಷ್ಟವಾಗಿರುವ ಬಿಡಿಭಾಗವೂ ಅದೇ.

ಮದರ್‌ಬೋರ್ಡ್ ಏನು ಮಾಡುತ್ತದೆ?

ಲೆಕ್ಕಾಚಾರ ನಡೆಯುವುದು ಪ್ರೊಸೆಸರಿನಲ್ಲಿ, ಚಿತ್ರ ಮೂಡಿಸುವುದು ಗ್ರಾಫಿಕ್ಸ್ ಕಾರ್ಡ್, ಮಾಹಿತಿ ಉಳಿಯುವುದು ಎಸ್‌ಎಸ್‌ಡಿಯಲ್ಲಿ. ಮದರ್‌ಬೋರ್ಡ್ ತಾನಾಗಿ ಕಂಪ್ಯೂಟರಿನ ವೇಗವನ್ನು ಹೆಚ್ಚಿಸುವುದಿಲ್ಲ. ಒಂದೇ ಪ್ರೊಸೆಸರನ್ನು ಸಾಧಾರಣ ಬೋರ್ಡಿನಲ್ಲಿಯೂ ಅದರ ಮೂರು ಪಟ್ಟು ಬೆಲೆಯ ಬೋರ್ಡಿನಲ್ಲಿಯೂ ಅದರ ನಿಗದಿತ ಮಿತಿಯೊಳಗೆ ಓಡಿಸಿದರೆ, ಸಾಧಾರಣ ಬೋರ್ಡಿನ ವಿದ್ಯುತ್ ವಿಭಾಗ ಸಮರ್ಥವಾಗಿರುವ ತನಕ ವ್ಯತ್ಯಾಸ ಗಮನಕ್ಕೆ ಬರುವುದೇ ಇಲ್ಲ. ಈ ಮಾತನ್ನು ಆರಂಭದಲ್ಲಿಯೇ ಒತ್ತಿ ಹೇಳುವುದಕ್ಕೆ ಕಾರಣವಿದೆ: ಮೊದಲ ಬಾರಿಗೆ ಜೋಡಿಸುವವರು ಬೋರ್ಡಿನ ಬಣ್ಣದ ದೀಪಗಳಿಗೂ ಲೋಹದ ಕವಚಗಳಿಗೂ ಹಣ ಸುರಿದು, ಪ್ರೊಸೆಸರಿಗೂ, ಮನೆಯ ಕರೆಂಟನ್ನು ಕಂಪ್ಯೂಟರಿಗೆ ಒಗ್ಗಿಸುವ ಎಸ್‌ಎಂಪಿಎಸ್‌ಗೂ ಕಡಿಮೆ ಮಾಡಿಕೊಳ್ಳುವುದುಂಟು.

ಬೋರ್ಡಿನ ನಿಜವಾದ ಕೆಲಸ ಮೂರು. ಎಲ್ಲ ಭಾಗಗಳ ನಡುವೆ ಸಂಪರ್ಕ ಕಲ್ಪಿಸುವುದು, ಎಸ್‌ಎಂಪಿಎಸ್‌ನಿಂದ ಬರುವ ವಿದ್ಯುತ್ತನ್ನು ಪ್ರೊಸೆಸರಿಗೆ ಒಗ್ಗುವಂತೆ ಇಳಿಸಿ ಕೊಡುವುದು, ಮತ್ತು ಬಯೋಸ್ ಎಂಬ ಮೂಲ ತಂತ್ರಾಂಶದ ಮೂಲಕ ಇಡೀ ಯಂತ್ರದ ಸೆಟ್ಟಿಂಗ್‌ಗಳನ್ನು ನಮ್ಮ ಕೈಗೆ ಒಪ್ಪಿಸುವುದು. ಓವರ್‌ಕ್ಲಾಕ್ ಮಾಡುವವರಿಗೆ ಮುಖ್ಯವಾಗುವುದು ಎರಡನೆಯ ಮತ್ತು ಮೂರನೆಯ ಕೆಲಸ.

ಓವರ್‌ಕ್ಲಾಕಿಂಗ್‌ನ ಲೆಕ್ಕ

ಪ್ರೊಸೆಸರಿನ ವೇಗವೆಂದರೆ ಒಂದು ಮೂಲ ಮಿಡಿತ ಮತ್ತು ಅದರ ಗುಣಕ. ಮೂಲ ಮಿಡಿತ ಸಾಮಾನ್ಯವಾಗಿ 100 ಮೆಗಾಹರ್ಟ್ಸ್. ಗುಣಕ 45 ಇದ್ದರೆ ವೇಗ 4,500 ಮೆಗಾಹರ್ಟ್ಸ್, ಅಂದರೆ 4.5 ಗಿಗಾಹರ್ಟ್ಸ್. ಗುಣಕವನ್ನು 50ಕ್ಕೆ ಏರಿಸಿದರೆ 5 ಗಿಗಾಹರ್ಟ್ಸ್ ಆಗುತ್ತದೆ. ಆದರೆ ಹೆಚ್ಚಿನ ವೇಗದಲ್ಲಿ ಪ್ರೊಸೆಸರಿನೊಳಗಿನ ಟ್ರಾನ್ಸಿಸ್ಟರ್‌ಗಳು ತಪ್ಪಿಲ್ಲದೆ ಕೆಲಸ ಮಾಡಬೇಕಾದರೆ ಹೆಚ್ಚಿನ ವೋಲ್ಟೇಜ್ ಬೇಕಾಗುತ್ತದೆ, ಕಷ್ಟವೆಲ್ಲ ಆರಂಭವಾಗುವುದು ಅಲ್ಲಿಂದಲೇ.

ಪ್ರೊಸೆಸರ್ ಸೇವಿಸುವ ವಿದ್ಯುತ್ತು ವೇಗದ ನೇರ ಪ್ರಮಾಣದಲ್ಲಿಯೂ ವೋಲ್ಟೇಜಿನ ವರ್ಗದ ಪ್ರಮಾಣದಲ್ಲಿಯೂ ಏರುತ್ತದೆ. 4.5 ಗಿಗಾಹರ್ಟ್ಸ್‌ನಲ್ಲಿ 1.2 ವೋಲ್ಟ್ ಪಡೆದು 100 ವ್ಯಾಟ್ ಸೇವಿಸುವ ಪ್ರೊಸೆಸರೊಂದನ್ನು 5 ಗಿಗಾಹರ್ಟ್ಸ್‌ಗೆ ಏರಿಸಲು 1.35 ವೋಲ್ಟ್ ಬೇಕಾಯಿತು ಎಂದುಕೊಳ್ಳೋಣ. ವೇಗ ಹೆಚ್ಚಿದ್ದು ಶೇಕಡಾ 11ರಷ್ಟು. ವಿದ್ಯುತ್ತು ಸುಮಾರು 140 ವ್ಯಾಟಿಗೆ, ಎಂದರೆ ಶೇಕಡಾ 40ರಷ್ಟು ಏರಿತು. ಆ ಹೆಚ್ಚುವರಿ 40 ವ್ಯಾಟ್ ಪೂರ್ತಿಯಾಗಿ ಶಾಖವೇ ಆಗುತ್ತದೆ, ಮತ್ತು ಅಷ್ಟೂ ವಿದ್ಯುತ್ತು ಮದರ್‌ಬೋರ್ಡಿನ ಮೂಲಕವೇ ಹಾದುಹೋಗಬೇಕು.

ಇಂದಿನ ಪ್ರೊಸೆಸರ್‌ಗಳು ತಮ್ಮ ಶಕ್ತಿಯ ಬಹುಪಾಲನ್ನು ತಾವಾಗಿಯೇ ಹೊರತೆಗೆಯುತ್ತವೆ ಎಂಬುದನ್ನೂ ಇಲ್ಲಿ ತಿಳಿದಿರಬೇಕು. ಎಎಂಡಿ ಸಂಸ್ಥೆಯ ರೈಝನ್ 5 7600 ಎಂಬ ಪ್ರೊಸೆಸರಿನ ಮೂಲ ವೇಗ 3.8 ಗಿಗಾಹರ್ಟ್ಸ್ ಆದರೂ ಅವಕಾಶ ಸಿಕ್ಕಾಗ ಅದು 5.1 ಗಿಗಾಹರ್ಟ್ಸ್ ತನಕ ತಾನೇ ಏರುತ್ತದೆ. ಅದನ್ನು ಎಲ್ಲ ಕೋರ್‌ಗಳಲ್ಲಿ, ಎಂದರೆ ಪ್ರೊಸೆಸರಿನೊಳಗಿನ ಪ್ರತ್ಯೇಕ ಲೆಕ್ಕಾಚಾರದ ಘಟಕಗಳಲ್ಲಿ, 5 ಗಿಗಾಹರ್ಟ್ಸ್ ಎಂದು ಕಟ್ಟಿಹಾಕಿದರೆ, ಒಂದೆರಡು ಕೋರ್ ಮಾತ್ರ ದುಡಿಯುವ ಕೆಲಸಗಳಲ್ಲಿ ವೇಗ ಮೊದಲಿಗಿಂತ ಕಡಿಮೆಯೇ ಆಗಬಹುದು. ಆದ್ದರಿಂದ ಈಗಿನ ಓವರ್‌ಕ್ಲಾಕಿಂಗ್‌ನಲ್ಲಿ ಗುಣಕವನ್ನು ಏರಿಸುವುದಕ್ಕಿಂತ, ಪ್ರೊಸೆಸರಿಗೆ ಹಾಕಿದ ವಿದ್ಯುತ್ ಮಿತಿಯನ್ನು ಸಡಿಲಿಸಿ ವೋಲ್ಟೇಜನ್ನು ಹದವಾಗಿ ತಗ್ಗಿಸುವುದೇ ಹೆಚ್ಚು ಫಲ ಕೊಡುತ್ತದೆ. ಎಎಂಡಿಯಲ್ಲಿ ಇದನ್ನು ಪಿಬಿಓ ಮತ್ತು ಕರ್ವ್ ಆಪ್ಟಿಮೈಸರ್ ಎಂಬ ಸೆಟ್ಟಿಂಗ್‌ಗಳ ಮೂಲಕ ಮಾಡಲಾಗುತ್ತದೆ.

ಮೊದಲು ಪ್ರೊಸೆಸರ್, ಆಮೇಲೆ ಸಾಕೆಟ್

ಪ್ರೊಸೆಸರ್ ಯಾವುದೆಂದು ತೀರ್ಮಾನವಾಗದೆ ಬೋರ್ಡ್ ಹುಡುಕುವುದರಲ್ಲಿ ಅರ್ಥವಿಲ್ಲ. ಪ್ರೊಸೆಸರ್ ಕೂರುವ ಚೌಕಕ್ಕೆ ಸಾಕೆಟ್ ಎಂದು ಹೆಸರು. ಒಂದು ಸಾಕೆಟ್‌ಗೆ ಬೇರೆ ಸಾಕೆಟ್‌ನ ಪ್ರೊಸೆಸರ್ ಹೊಂದುವುದಿಲ್ಲ. ಇಂಟೆಲ್‌ನ 12, 13 ಮತ್ತು 14ನೆಯ ತಲೆಮಾರುಗಳಿಗೆ ಎಲ್‌ಜಿಎ1700. 2024ರ ಅಕ್ಟೋಬರಿನಲ್ಲಿ ಬಂದ ಕೋರ್ ಅಲ್ಟ್ರಾ 200ಎಸ್ ಸರಣಿಗೆ ಎಲ್‌ಜಿಎ1851. ಎಎಂಡಿಯಲ್ಲಿ ರೈಝನ್ 5000 ತನಕದವುಗಳಿಗೆ ಎಎಂ4, 2022ರಲ್ಲಿ ಬಂದ ರೈಝನ್ 7000 ಮತ್ತು ಆಮೇಲಿನವುಗಳಿಗೆ ಎಎಂ5.

ಮುಂದೆ ಪ್ರೊಸೆಸರನ್ನು ಮಾತ್ರ ಬದಲಿಸಿ ಅದೇ ಬೋರ್ಡಿನಲ್ಲಿ ಮುಂದುವರಿಯುವ ಅವಕಾಶ ಸಾಕೆಟ್‌ನಿಂದಲೇ ನಿರ್ಧಾರವಾಗುತ್ತದೆ. 2017ರಲ್ಲಿ ಮೊದಲ ರೈಝನ್ ಜೊತೆ ಬಳಕೆಗೆ ಬಂದ ಎಎಂ4ಗೆ 2024ರಲ್ಲಿಯೂ ಹೊಸ ಪ್ರೊಸೆಸರ್‌ಗಳು ಬಂದವು. ಎಎಂ5ಗೆ 2027 ಮತ್ತು ಅದರಾಚೆಗೂ ಬೆಂಬಲ ನೀಡುವುದಾಗಿ ಎಎಂಡಿ ತಿಳಿಸಿದೆ. ಒಮ್ಮೆ ಹಣ ಹೂಡಿ ನಾಲ್ಕೈದು ವರ್ಷ ಕಳೆಯಬೇಕಾದ ಮನೆಗಳಿಗೆ ಇದು ಸಣ್ಣ ಸಂಗತಿಯಲ್ಲ.

ಚಿಪ್‌ಸೆಟ್ ಒಪ್ಪಿದರೆ ಮಾತ್ರ

ಬೋರ್ಡಿನ ಹೆಸರಿನಲ್ಲಿ ಕಾಣುವ ಬಿ650, ಝಡ್790 ಮೊದಲಾದವು ಚಿಪ್‌ಸೆಟ್‌ಗಳ ಹೆಸರುಗಳು. ಯುಎಸ್‌ಬಿ, ಎಸ್‌ಎಸ್‌ಡಿ ಮುಂತಾದ ಸಂಪರ್ಕಗಳನ್ನು ನೋಡಿಕೊಳ್ಳುವ ಈ ಚಿಪ್ ಬೋರ್ಡಿನ ದರ್ಜೆಯನ್ನೂ ಸೂಚಿಸುತ್ತದೆ. ಓವರ್‌ಕ್ಲಾಕಿಂಗ್‌ಗೆ ಅನುಮತಿ ಇದೆಯೋ ಇಲ್ಲವೋ ಎಂಬುದು ಈ ದರ್ಜೆಯ ಮೇಲೆಯೇ ನಿಂತಿದೆ.

ಇಂಟೆಲ್‌ನಲ್ಲಿ ಎರಡೂ ಕಡೆಯಿಂದ ಒಪ್ಪಿಗೆ ಬೇಕು. ಪ್ರೊಸೆಸರಿನ ಹೆಸರಿನ ಕೊನೆಯಲ್ಲಿ ‘ಕೆ’ ಅಕ್ಷರ ಇರಬೇಕು, ಬೋರ್ಡ್ ‘ಝಡ್’ ಸರಣಿಯದ್ದಾಗಿರಬೇಕು. ಕೋರ್ ಐ5-14600ಕೆ ಪ್ರೊಸೆಸರನ್ನು ಬಿ760 ಬೋರ್ಡಿನಲ್ಲಿ ಕೂರಿಸಿದರೆ ಅದು ಚೆನ್ನಾಗಿಯೇ ಓಡುತ್ತದೆ, ರ್‍ಯಾಮ್‌ನ ವೇಗವನ್ನೂ ಏರಿಸಬಹುದು. ಪ್ರೊಸೆಸರಿನ ಗುಣಕವನ್ನು ಮಾತ್ರ ಏರಿಸಲಾಗದು. ಎಚ್610 ಬೋರ್ಡಿನಲ್ಲಿ ರ್‍ಯಾಮ್‌ಗೂ ಆ ಅವಕಾಶವಿಲ್ಲ. ಕೋರ್ ಐ5-12400ದಂತಹ ‘ಕೆ’ ಇಲ್ಲದ ಪ್ರೊಸೆಸರಿಗೆ ಝಡ್790 ಕೊಂಡರೆ ಆ ಹೆಚ್ಚುವರಿ ಹಣದಿಂದ ಓವರ್‌ಕ್ಲಾಕಿಂಗ್‌ನ ಪ್ರಯೋಜನ ದೊರೆಯುವುದಿಲ್ಲ.

ಎಎಂಡಿಯ ನಿಯಮ ಇದಕ್ಕಿಂತ ಸಡಿಲ. ರೈಝನ್ ಪ್ರೊಸೆಸರ್‌ಗಳಲ್ಲಿ ಹೆಚ್ಚಿನವು ಓವರ್‌ಕ್ಲಾಕಿಂಗ್‌ಗೆ ತೆರೆದಿವೆ. ‘ಎಕ್ಸ್3ಡಿ’ ಎಂದು ಕೊನೆಗೊಳ್ಳುವ ಕೆಲವು, ಉದಾಹರಣೆಗೆ ರೈಝನ್ 7 5800ಎಕ್ಸ್3ಡಿ, ಇದಕ್ಕೆ ಹೊರತು. ಬೋರ್ಡಿನ ಕಡೆಯಿಂದ ಎಎಂ4ನಲ್ಲಿ ಬಿ450, ಬಿ550, ಎಕ್ಸ್570, ಹಾಗೆಯೇ ಎಎಂ5ನಲ್ಲಿ ಬಿ650, ಬಿ850, ಎಕ್ಸ್670, ಎಕ್ಸ್870 ಸರಣಿಗಳು ಒಪ್ಪುತ್ತವೆ. ಎ520, ಎ620 ಮತ್ತು ಬಿ840 ಒಪ್ಪುವುದಿಲ್ಲ. ಬಿ840 ಮತ್ತು ಬಿ850 ಎಂಬ ಹೆಸರುಗಳು ಒಂದನ್ನೊಂದು ಹೋಲುವುದರಿಂದ ಬಿಲ್ ಮಾಡಿಸುವ ಮೊದಲು ಪೆಟ್ಟಿಗೆಯನ್ನು ಇನ್ನೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಮೊದಲ ಬಾರಿಗೆ ಓವರ್‌ಕ್ಲಾಕ್ ಮಾಡುವವರಿಗೆ ಸಾಧಾರಣ ಬೆಲೆಯ ‘ಬಿ’ ಸರಣಿಯಲ್ಲಿಯೇ ಅವಕಾಶ ಸಿಗುವುದು ಎಎಂಡಿಯ ದೊಡ್ಡ ಅನುಕೂಲ.

ವಿಆರ್‌ಎಂ: ಬೋರ್ಡಿನ ಬೆಲೆ ನಿಜವಾಗಿ ಅಡಗಿರುವ ಜಾಗ

ಎಸ್‌ಎಂಪಿಎಸ್ ಬೋರ್ಡಿಗೆ ಕೊಡುವುದು 12 ವೋಲ್ಟ್. ಪ್ರೊಸೆಸರಿಗೆ ಬೇಕಾದದ್ದು ಹೆಚ್ಚುಕಡಿಮೆ 1ರಿಂದ 1.4 ವೋಲ್ಟ್. ಈ ಇಳಿಕೆಯನ್ನು ಮಾಡುವ ವಿಭಾಗಕ್ಕೆ ವಿಆರ್‌ಎಂ ಎನ್ನುತ್ತಾರೆ. ಪ್ರೊಸೆಸರಿನ ಸಾಕೆಟ್ ಪಕ್ಕದಲ್ಲಿ ಸಾಲಾಗಿ ನಿಂತ ಸಣ್ಣ ಚೌಕಾಕಾರದ ಕಾಯಿಲ್‌ಗಳು, ಅವುಗಳ ಬಳಿಯ ಕೆಪಾಸಿಟರ್‌ಗಳು ಮತ್ತು ಲೋಹದ ಹೀಟ್‌ಸಿಂಕ್‌ನ ಅಡಿಯಲ್ಲಿ ಅಡಗಿರುವ ಮಾಸ್ಫೆಟ್ ಎಂಬ ಸ್ವಿಚ್‌ನಂತಹ ಚಿಪ್‌ಗಳು ಸೇರಿ ಈ ವಿಭಾಗ ಆಗುತ್ತದೆ.

12 ವೋಲ್ಟನ್ನು ಹೀಗೆ ಇಳಿಸಿದಾಗ ಅಷ್ಟೇ ವ್ಯಾಟಿಗೆ ಕರೆಂಟಿನ ಪ್ರಮಾಣ ಏರುತ್ತದೆ. ಮೇಲಿನ ಉದಾಹರಣೆಯಲ್ಲಿ 1.2 ವೋಲ್ಟ್‌ನಲ್ಲಿ 100 ವ್ಯಾಟ್ ಎಂದರೆ ಸುಮಾರು 83 ಆಂಪಿಯರ್, 1.35 ವೋಲ್ಟ್‌ನಲ್ಲಿ 140 ವ್ಯಾಟ್ ಎಂದರೆ ಸುಮಾರು 104 ಆಂಪಿಯರ್. ಬೆರಳಗಲದ ಜಾಗದಲ್ಲಿ ಇಷ್ಟು ಕರೆಂಟು ಹರಿಯುವಾಗ ಅದನ್ನು ಒಂದೇ ದಾರಿಯಲ್ಲಿ ಬಿಡುವಂತಿಲ್ಲ. ಹಲವು ಸಮಾನಾಂತರ ದಾರಿಗಳಿಗೆ ಹಂಚಬೇಕು. ಈ ದಾರಿಗಳಿಗೆ ಫೇಸ್ ಎಂದು ಹೆಸರು. ಅಂಗಳದಲ್ಲಿ ಒಣಗಿದ ಅಡಿಕೆಯ ಗೋಣಿಗಳನ್ನು ಇಬ್ಬರೇ ಜೀಪಿಗೆ ಹೊತ್ತು ಹಾಕಿದರೆ ಅರ್ಧದಲ್ಲಿಯೇ ಏದುಸಿರು ಬರುತ್ತದೆ, ಎಂಟು ಮಂದಿ ಸರದಿಯಲ್ಲಿ ಹೊತ್ತರೆ ಯಾರಿಗೂ ಅಷ್ಟು ಆಯಾಸವಾಗುವುದಿಲ್ಲ. ಫೇಸ್‌ಗಳೂ ಹೀಗೆಯೇ ಸರದಿಯಲ್ಲಿ ದುಡಿಯುತ್ತವೆ. ಲಾಭ ಇನ್ನೂ ಒಂದಿದೆ. ತಂತಿಯ ತಡೆಯಿಂದ ಹುಟ್ಟುವ ಶಾಖ ಕರೆಂಟಿನ ವರ್ಗದ ಪ್ರಮಾಣದಲ್ಲಿ ಏರುವುದರಿಂದ, 100 ಆಂಪಿಯರನ್ನು ನಾಲ್ಕರ ಬದಲು ಅಂಥವೇ ಎಂಟು ಫೇಸ್‌ಗಳಿಗೆ ಹಂಚಿದಾಗ ಒಂದೊಂದು ಫೇಸ್‌ನಲ್ಲಿ ಹುಟ್ಟುವ ಆ ಬಗೆಯ ಶಾಖ ಕಾಲುಭಾಗಕ್ಕೆ ಇಳಿಯುತ್ತದೆ, ಒಟ್ಟು ಶಾಖ ಅರ್ಧವಾಗುತ್ತದೆ.

ಪೆಟ್ಟಿಗೆಯ ಮೇಲೆ 8+2, 12+2 ಎಂದು ಬರೆದಿರುವುದರಲ್ಲಿ ಮೊದಲ ಸಂಖ್ಯೆ ಪ್ರೊಸೆಸರಿನ ಕೋರ್‌ಗಳಿಗೆ ಸಂಬಂಧಿಸಿದ್ದು. ಆದರೆ ಸಂಖ್ಯೆ ಒಂದನ್ನೇ ನಂಬುವಂತಿಲ್ಲ. ಕೆಲವು ಬೋರ್ಡುಗಳಲ್ಲಿ ಫೇಸ್‌ಗಳನ್ನು ಜೋಡಿ ಜೋಡಿಯಾಗಿ ಕಟ್ಟಿ ಎಣಿಕೆಯನ್ನು ದೊಡ್ಡದು ಮಾಡಿ ತೋರಿಸುತ್ತಾರೆ. ಪ್ರತಿಯೊಂದು ಫೇಸ್ ಎಷ್ಟು ಆಂಪಿಯರ್ ತಾಳುತ್ತದೆ ಎಂಬುದೂ ಅಷ್ಟೇ ಮುಖ್ಯ. 50, 60, 90 ಆಂಪಿಯರ್ ಎಂದು ತಯಾರಕರ ವಿವರಪಟ್ಟಿಯಲ್ಲಿ ಅದನ್ನು ನಮೂದಿಸಿರುತ್ತಾರೆ. ಆರು ಅಥವಾ ಎಂಟು ಕೋರ್‌ಗಳ ರೈಝನ್‌ಗೆ, 60 ಆಂಪಿಯರಿನ ಎಂಟು ಫೇಸ್‌ಗಳೂ ಮಾಸ್ಫೆಟ್‌ಗಳ ಮೇಲೆ ಗಟ್ಟಿಯಾಗಿ ಕೂತ ಹೀಟ್‌ಸಿಂಕೂ ಇದ್ದರೆ ಧಾರಾಳವಾಯಿತು. ನಿಗದಿತ ಮಿತಿಯಲ್ಲಿಯೇ 181 ವ್ಯಾಟ್ ತನಕ ಸೇವಿಸುವ ಕೋರ್ ಐ5-14600ಕೆ, 253 ವ್ಯಾಟ್ ತನಕ ಹೋಗುವ ಕೋರ್ ಐ9-14900ಕೆ ಪ್ರೊಸೆಸರ್‌ಗಳಿಗೆ ಇದಕ್ಕಿಂತ ಬಲವಾದದ್ದು ಬೇಕು.

ಹೀಟ್‌ಸಿಂಕ್ ಇಲ್ಲದೆ ಮಾಸ್ಫೆಟ್‌ಗಳು ಬೋಳಾಗಿ ಕಾಣುವ ಬೋರ್ಡನ್ನು ಓವರ್‌ಕ್ಲಾಕಿಂಗ್‌ಗೆ ಕೊಳ್ಳಬಾರದು. ವಿಆರ್‌ಎಂ ಮಿತಿಮೀರಿ ಕಾದಾಗ ಬೋರ್ಡ್ ತನ್ನನ್ನು ಉಳಿಸಿಕೊಳ್ಳಲು ಪ್ರೊಸೆಸರಿನ ವೇಗವನ್ನು ಇಳಿಸುತ್ತದೆ, ಆಗ ಓವರ್‌ಕ್ಲಾಕ್ ಮಾಡಿದ ಯಂತ್ರ ಮಾಡದ ಯಂತ್ರಕ್ಕಿಂತಲೂ ನಿಧಾನವಾಗಬಹುದು.

ಕರಾವಳಿಯ ಸೆಕೆ, ಕರೆಂಟು, ಸಿಡಿಲು

ಬೋರ್ಡುಗಳ ಪರೀಕ್ಷಾ ವರದಿಗಳಲ್ಲಿ ಬಹುಪಾಲು 20ರಿಂದ 25 ಡಿಗ್ರಿ ಸೆಲ್ಸಿಯಸ್‌ನ ಕೋಣೆಯಲ್ಲಿ ಅಳೆದವು. ಏಪ್ರಿಲ್ ತಿಂಗಳ ಮಧ್ಯಾಹ್ನ ಕಾಸರಗೋಡಿನ ಮನೆಯೊಂದರ ಕೋಣೆ 33 ಡಿಗ್ರಿ ಇರುವುದು ಸಾಮಾನ್ಯ. ಸುತ್ತಲಿನ ಗಾಳಿ ಎಷ್ಟು ಡಿಗ್ರಿ ಹೆಚ್ಚು ಬಿಸಿಯೋ ಒಳಗಿನ ಭಾಗಗಳೂ ಸರಿಸುಮಾರು ಅಷ್ಟೇ ಹೆಚ್ಚು ಬಿಸಿಯಾಗುತ್ತವೆ; ವರದಿಯಲ್ಲಿ ಪ್ರೊಸೆಸರ್ 82 ಡಿಗ್ರಿಗೆ ನಿಂತಿದ್ದರೆ ನಮ್ಮಲ್ಲಿ 90ರ ಆಸುಪಾಸು ಎಂದು ಲೆಕ್ಕ ಹಿಡಿಯಬೇಕು. ರೈಝನ್ 5 7600ದ ಗರಿಷ್ಠ ಮಿತಿ 95 ಡಿಗ್ರಿ, ಕೋರ್ ಐ5-14600ಕೆಯದ್ದು 100 ಡಿಗ್ರಿ. ವರದಿಯಲ್ಲಿ ‘ಸಾಕಷ್ಟಿದೆ’ ಎನಿಸಿಕೊಂಡ ವಿಆರ್‌ಎಂ ನಮ್ಮ ಊರಿಗೆ ಅಂಚಿನದ್ದಾಗಬಹುದಾದ್ದರಿಂದ, ಕೈಯಲ್ಲಿ ಸ್ವಲ್ಪ ಹೆಚ್ಚು ಹಣವಿದ್ದರೆ ಅದನ್ನು ಹಾಕಬೇಕಾದ್ದು ಹೀಟ್‌ಸಿಂಕ್ ದೊಡ್ಡದಿರುವ ಬೋರ್ಡಿಗೆ.

ಮಳೆಗಾಲದ ತೇವವೂ ಕಡಲ ಕಡೆಯ ಉಪ್ಪುಗಾಳಿಯೂ ಬೋರ್ಡಿನ ಮೇಲೆ ಕೂತ ದೂಳನ್ನು ಅಂಟಾಗಿಸುತ್ತವೆ. ಕ್ಯಾಬಿನೆಟನ್ನು ನೆಲದಲ್ಲಿಡದೆ ಮೇಜಿನ ಮೇಲಿಡುವುದು, ಆಟಿಯ ಮಳೆ ಹೊಡೆಯುವ ದಿನಗಳಲ್ಲಿಯೂ ಯಂತ್ರವನ್ನು ವಾರಗಟ್ಟಲೆ ಮುಚ್ಚಿಡದೆ ಆಗಾಗ ಓಡಿಸುವುದು ಬೋರ್ಡಿನ ಆಯುಷ್ಯಕ್ಕೆ ಒಳ್ಳೆಯದು.

ಅಕ್ಟೋಬರ್, ನವೆಂಬರ್ ತಿಂಗಳ ಸಂಜೆಯ ಸಿಡಿಲು ಇವೆಲ್ಲಕ್ಕಿಂತ ಅಪಾಯಕಾರಿ. ಸಿಡಿಲಿನ ಹೊಡೆತ ಪ್ಲಗ್‌ನಿಂದ ಮಾತ್ರವಲ್ಲ, ಇಂಟರ್‌ನೆಟ್‌ನ ಲ್ಯಾನ್ ವೈರಿನ ಮೂಲಕವೂ ಬೋರ್ಡನ್ನು ತಲಪಬಹುದು. ಮನೆಗೆ ಬರುವುದು ಫೈಬರ್ ಆದರೂ ಮೋಡೆಮ್ ಓಡುವುದು ಅದೇ ಮನೆಯ ಕರೆಂಟಿನಲ್ಲಿ. ಗುಡುಗು ಕೇಳುವ ಮೊದಲೇ ಎರಡನ್ನೂ ಕಳಚಿಡಬೇಕು. ಯುಪಿಎಸ್ ಇದೆ ಎಂಬ ಧೈರ್ಯ ಇಲ್ಲಿ ಸಲ್ಲದು. ಓವರ್‌ಕ್ಲಾಕ್ ಮಾಡಲಿ ಬಿಡಲಿ, ಸರಿಯಾದ ಅರ್ಥಿಂಗ್ ಇರುವ ಪ್ಲಗ್ ಬೇಕೇ ಬೇಕು.

ಬಯೋಸ್ ಮತ್ತು ಅದರ ಚೇತರಿಕೆ

ಬೋರ್ಡಿನ ಬಯೋಸನ್ನು ಹೊಸದಕ್ಕೆ ಏರಿಸುವುದು ಏಕೆ ಅಗತ್ಯ ಎಂಬುದಕ್ಕೆ ಇತ್ತೀಚಿನ ಎರಡು ಪ್ರಕರಣಗಳು ಸಾಕು. 2023ರ ಏಪ್ರಿಲ್‌ನಲ್ಲಿ ರೈಝನ್ 7000 ಸರಣಿಯ ಕೆಲವು ಎಕ್ಸ್3ಡಿ ಪ್ರೊಸೆಸರ್‌ಗಳು ಸಾಕೆಟ್‌ನಲ್ಲಿಯೇ ಸುಟ್ಟ ವರದಿಗಳು ಬಂದವು; ಪ್ರೊಸೆಸರಿನ ಒಂದು ಭಾಗಕ್ಕೆ ಹೋಗುವ ಎಸ್‌ಒಸಿ ವೋಲ್ಟೇಜನ್ನು 1.3 ವೋಲ್ಟಿಗೆ ಮಿತಿಗೊಳಿಸುವ ಹೊಸ ಬಯೋಸ್‌ಗಳನ್ನು ಆಗ ಹೊರಡಿಸಲಾಯಿತು. ಇಂಟೆಲ್‌ನ 13 ಮತ್ತು 14ನೆಯ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಮಿತಿಮೀರಿದ ವೋಲ್ಟೇಜಿನಿಂದ ಅಸ್ಥಿರತೆ ಉಂಟಾಗಿ, 2024ರ ಆಗಸ್ಟ್‌ನಿಂದ ಹೊಸ ಮೈಕ್ರೋಕೋಡ್‌ಗಳನ್ನು, ಎಂದರೆ ಪ್ರೊಸೆಸರಿನೊಳಗಿನ ಸೂಚನೆಗಳ ತಿದ್ದುಪಡಿಗಳನ್ನು, ಬಯೋಸ್ ಮೂಲಕ ಹಂಚಲಾಯಿತು, ಆ ಪ್ರೊಸೆಸರ್‌ಗಳ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಲಾಯಿತು. ಈ ತಲೆಮಾರಿನ ಇಂಟೆಲ್ ಕೊಳ್ಳುವವರು ಮೊದಲ ದಿನವೇ ಬಯೋಸ್ ಏರಿಸಿ, ಆ ಬಳಿಕವಷ್ಟೇ ಬೇರೆ ಸೆಟ್ಟಿಂಗ್‌ಗಳಿಗೆ ಕೈ ಹಾಕಬೇಕು.

ಬಯೋಸ್ ಏರಿಸುವ ನಡುವೆ ಕರೆಂಟು ಹೋದರೆ ಬೋರ್ಡ್ ಮತ್ತೆ ಆನ್ ಆಗದಿರಬಹುದು. ಮಳೆಗಾಲದಲ್ಲಿ ತೋಟದ ನಡುವೆ ಹಾದುಬರುವ ಲೈನಿನ ಮೇಲೆ ಮಡಲು ಬಿದ್ದು ಕರೆಂಟು ಕಡಿಯುವ ನಮ್ಮ ಕಡೆ ಇದು ನಿಜವಾದ ಭಯ. ಇದಕ್ಕೆಂದೇ ಕೆಲವು ಬೋರ್ಡುಗಳಲ್ಲಿ ಬಯೋಸ್ ಫ್ಲ್ಯಾಶ್‌ಬ್ಯಾಕ್ ಎಂಬ ಸೌಲಭ್ಯವಿದೆ: ಬಯೋಸ್ ಕಡತವಿರುವ ಪೆನ್‌ಡ್ರೈವನ್ನು ಹಿಂಬದಿಯ ಗುರುತು ಮಾಡಿದ ಯುಎಸ್‌ಬಿ ಕಿಂಡಿಗೆ ಚುಚ್ಚಿ ಪಕ್ಕದ ಗುಂಡಿಯನ್ನು ಒತ್ತಿಹಿಡಿದರೆ, ಪ್ರೊಸೆಸರ್ ಮತ್ತು ರ್‍ಯಾಮ್ ಇಲ್ಲದೆಯೂ ಬಯೋಸ್ ಹೊಸದಾಗಿ ಬರೆಯಲ್ಪಡುತ್ತದೆ. ಹಳೆಯ ಸ್ಟಾಕಿನ ಬಿ650 ಬೋರ್ಡಿಗೆ 2024ರಲ್ಲಿ ಬಂದ ರೈಝನ್ 9000 ಹಾಕುವಾಗ ಹಳೆಯ ಬಯೋಸ್ ಅದನ್ನು ಗುರುತಿಸದಿದ್ದರೂ ಇದೇ ದಾರಿ. ಒಂದೇ ಬೆಲೆಯ ಎರಡು ಬೋರ್ಡುಗಳಲ್ಲಿ ಒಂದಕ್ಕೆ ಮಾತ್ರ ಈ ಗುಂಡಿ ಇದ್ದರೆ, ಈ ಲೇಖಕನ ಅಭಿಪ್ರಾಯದಲ್ಲಿ ಅದನ್ನೇ ಆರಿಸಬೇಕು.

ರ್‍ಯಾಮ್, ಗಾತ್ರ, ವೈಫೈ

ಎಎಂ5 ಮತ್ತು ಎಲ್‌ಜಿಎ1851 ಬೋರ್ಡುಗಳು ಡಿಡಿಆರ್5 ರ್‍ಯಾಮ್ ಮಾತ್ರ ಸ್ವೀಕರಿಸುತ್ತವೆ, ಎಎಂ4 ಡಿಡಿಆರ್4 ಮಾತ್ರ. ಎಲ್‌ಜಿಎ1700ರಲ್ಲಿ ಎರಡೂ ಬಗೆಯ ಬೋರ್ಡುಗಳಿದ್ದರೂ ಒಂದರ ರ್‍ಯಾಮ್ ಇನ್ನೊಂದಕ್ಕೆ ಕೂರದು. 2025ರ ಕೊನೆಯಿಂದ ರ್‍ಯಾಮ್ ಬೆಲೆ ಬಹಳ ಏರಿರುವುದರಿಂದ, ಮನೆಯಲ್ಲಿ ಈಗಾಗಲೇ ಒಳ್ಳೆಯ ಡಿಡಿಆರ್4 ಇದ್ದವರು ಅದಕ್ಕೆ ಒಪ್ಪುವ ಬೋರ್ಡನ್ನು ಯೋಚಿಸಬಹುದು. ರ್‍ಯಾಮ್ ಪೆಟ್ಟಿಗೆಯ ಮೇಲಿನ ವೇಗ ತಾನಾಗಿ ಬರುವುದಿಲ್ಲ. ಬಯೋಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ಸೆಟ್ಟಿಂಗ್ ಆನ್ ಮಾಡಬೇಕು. ನಾಲ್ಕು ಸ್ಲಾಟ್ ಇರುವ ಬೋರ್ಡಿನಲ್ಲಿ ಎರಡೇ ರ್‍ಯಾಮ್ ಇದ್ದರೆ ಅವುಗಳ ಜಾಗ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್.

ಗಾತ್ರದ ವಿಷಯ ಸರಳ: ಎಟಿಎಕ್ಸ್ 305×244 ಮಿ.ಮೀ., ಮೈಕ್ರೋ ಎಟಿಎಕ್ಸ್ 244×244, ಮಿನಿ ಐಟಿಎಕ್ಸ್ 170×170. ಕ್ಯಾಬಿನೆಟ್‌ಗೆ ಹಿಡಿಸಿದರೆ ಸಾಕು. ವೈಫೈ ಬೋರ್ಡಿನಲ್ಲಿಯೇ ಇದ್ದರೆ ಅನುಕೂಲ, ಆದರೆ ದಪ್ಪ ಮುರಕಲ್ಲಿನ ಗೋಡೆಗಳಾಚೆಗೆ ಅದು ಸೊರಗುವುದರಿಂದ ಲ್ಯಾನ್ ವೈರೇ ಭರವಸೆಯದ್ದು. ಶಾಲೆಯಲ್ಲಿ ಕೇರಳ ಸರ್ಕಾರದ ಕೈಟ್ ಸಂಸ್ಥೆಯ ಲಿನಕ್ಸ್ ಬಳಸಿ ಕಲಿತು ಮನೆಯಲ್ಲಿಯೂ ಲಿನಕ್ಸ್ ಹಾಕಬಯಸುವ ಮಕ್ಕಳಿದ್ದರೆ, ಬೋರ್ಡಿನ ವೈಫೈ ಮತ್ತು ಲ್ಯಾನ್ ಚಿಪ್‌ಗಳಿಗೆ ಅದರಲ್ಲಿ ಬೆಂಬಲವಿದೆಯೇ ಎಂದು ಕೊಳ್ಳುವ ಮೊದಲೇ ನೋಡಬೇಕು.

ಕೊಳ್ಳುವಾಗ, ಜೋಡಿಸುವಾಗ

ತಲಪಾಡಿ ದಾಟಿ ಮಂಗಳೂರಿನಿಂದ ತಂದರೂ, ಕಣ್ಣೂರಿನಿಂದ ತಂದರೂ, ಕೊರಿಯರಿನಲ್ಲಿ ತರಿಸಿದರೂ, ಜಿಎಸ್‌ಟಿ ಬಿಲ್ಲಿನಲ್ಲಿ ಬೋರ್ಡಿನ ಸೀರಿಯಲ್ ನಂಬರ್ ಬರೆಸಿಕೊಳ್ಳುವುದು ಮುಖ್ಯ. ವಾರಂಟಿ ಎಷ್ಟು ವರ್ಷ, ಸರ್ವಿಸ್ ಸೆಂಟರ್ ಎಲ್ಲಿದೆ ಎಂಬುದನ್ನು ಅಂಗಡಿಯಲ್ಲಿಯೇ ಕೇಳಬೇಕು. ಓವರ್‌ಕ್ಲಾಕಿಂಗ್‌ನಿಂದ ಆದ ಹಾನಿಯನ್ನು ಇಂಟೆಲ್ ಮತ್ತು ಎಎಂಡಿ ಎರಡೂ ತಮ್ಮ ಸಾಮಾನ್ಯ ವಾರಂಟಿಯಿಂದ ಹೊರಗಿಟ್ಟಿವೆ ಎಂಬುದು ಮನೆಯ ಹಿರಿಯರಿಗೂ ಗೊತ್ತಿರಲಿ.

ಜೋಡಣೆಯಲ್ಲಿ ಅತ್ಯಂತ ನಾಜೂಕಿನ ಕ್ಷಣ ಸಾಕೆಟ್ ತೆರೆಯುವಾಗಿನದ್ದು. ಎಎಂ5 ಸಾಕೆಟ್‌ನಲ್ಲಿ ಸುಮಾರು 40 ಮಿ.ಮೀ. ಚೌಕದೊಳಗೆ 1,718 ಚಿನ್ನದ ಬಣ್ಣದ ಸಣ್ಣ ಪಿನ್‌ಗಳಿವೆ. ಒಂದು ಬಾಗಿದರೂ ರ್‍ಯಾಮ್ ಒಂದು ಕಾಣದೆ ಹೋಗಬಹುದು ಅಥವಾ ಬೋರ್ಡೇ ಆನ್ ಆಗದಿರಬಹುದು. ಸೆಕೆಯಲ್ಲಿ ಹಣೆಯ ಬೆವರು ಅದರ ಮೇಲೆ ತೊಟ್ಟಿಕ್ಕದಂತೆ ಮುಖ ಒರೆಸಿಕೊಂಡು, ಫ್ಯಾನಿನ ಕೆಳಗೆ ಕೂತು, ಕೈ ಒಣಗಿಸಿಕೊಂಡೇ ಕೆಲಸ ಆರಂಭಿಸಬೇಕು. ಪ್ರೊಸೆಸರಿನ ಮೂಲೆಯ ತ್ರಿಕೋನದ ಗುರುತನ್ನು ಸಾಕೆಟ್‌ನ ಗುರುತಿಗೆ ಹೊಂದಿಸಿ, ಒತ್ತದೆ, ತನ್ನ ಭಾರಕ್ಕೆ ತಾನೇ ಕೂರುವಂತೆ ಇಳಿಸಬೇಕು. ಆಮೇಲೆ ಸಾಕೆಟ್ ಬದಿಯ ಲೋಹದ ಸರಳನ್ನು ಕೆಳಗಿಳಿಸಿ ಅದರ ಕೊಕ್ಕೆಗೆ ಸಿಕ್ಕಿಸುವಾಗ ಮಾತ್ರ ಸ್ವಲ್ಪ ಬಲ ಬೇಕಾಗುತ್ತದೆ. ಆಗ ಹೊರಬರುವ ಪ್ಲಾಸ್ಟಿಕ್ ಮುಚ್ಚಳವನ್ನು ಎಸೆಯಬಾರದು, ವಾರಂಟಿಗೆ ಬೋರ್ಡ್ ಕಳುಹಿಸಬೇಕಾಗಿ ಬಂದರೆ ಅದನ್ನು ಹಾಕಿಯೇ ಕಳುಹಿಸಬೇಕಾಗುತ್ತದೆ.

ಮೊದಲ ಓವರ್‌ಕ್ಲಾಕ್

ಮೊದಲ ಕೆಲವು ದಿನ ಯಂತ್ರವನ್ನು ಮೂಲ ಸೆಟ್ಟಿಂಗ್‌ನಲ್ಲಿಯೇ ಓಡಿಸಿ, ಭಾರವಾದ ಕೆಲಸದಲ್ಲಿ ಪ್ರೊಸೆಸರೂ ವಿಆರ್‌ಎಂ ಕೂಡ ಎಷ್ಟು ಬಿಸಿಯಾಗುತ್ತವೆ ಎಂದು ಬರೆದಿಟ್ಟುಕೊಳ್ಳಬೇಕು. ಆ ಬಳಿಕ ಒಂದು ಬಾರಿಗೆ ಒಂದೇ ಸೆಟ್ಟಿಂಗ್ ಬದಲಿಸಬೇಕು: ಮೊದಲು ರ್‍ಯಾಮ್‌ನ ಎಕ್ಸ್‌ಪೋ ಅಥವಾ ಎಕ್ಸ್‌ಎಂಪಿ, ಅದು ಸ್ಥಿರವಾದ ಮೇಲೆ ಪಿಬಿಓ ಅಥವಾ ಗುಣಕ, ಕೊನೆಗೆ ವೋಲ್ಟೇಜ್. ಯಂತ್ರ ಆನ್ ಆಗದೆ ನಿಂತರೆ ಗಾಬರಿ ಬೇಡ. ಕರೆಂಟು ಕಳಚಿ, ಬಯೋಸ್ ಸೆಟ್ಟಿಂಗ್‌ಗಳನ್ನು ಅಳಿಸಲೆಂದು ಬೋರ್ಡಿನಲ್ಲಿರುವ ಸಿಮಾಸ್ ಜಂಪರ್ ಎಂಬ ಪಿನ್‌ಗಳ ಜೋಡಿಯನ್ನು ಕೈಪಿಡಿಯಲ್ಲಿ ತೋರಿಸಿದಂತೆ ಜೋಡಿಸಿದರೆ ಅಥವಾ ನಾಣ್ಯದಂತಹ ಸಿಆರ್2032 ಬ್ಯಾಟರಿಯನ್ನು ಕೆಲವು ನಿಮಿಷ ತೆಗೆದಿಟ್ಟರೆ ಎಲ್ಲವೂ ಮೂಲ ಸ್ಥಿತಿಗೆ ಮರಳುತ್ತದೆ. ಹಿಂಬದಿಯಲ್ಲಿಯೇ ಸಿಮಾಸ್ ಅಳಿಸುವ ಗುಂಡಿ, ಯಾವ ಭಾಗದಲ್ಲಿ ತೊಡಕು ಎಂದು ತೋರಿಸುವ ಸಣ್ಣ ದೀಪಗಳು ಇರುವ ಬೋರ್ಡ್ ಆರಿಸಿದ್ದರೆ ಈ ಕೆಲಸ ಇನ್ನೂ ಸುಲಭ. ಸ್ಥಿರವಾದ ಸೆಟ್ಟಿಂಗನ್ನು ಬಯೋಸ್‌ನಲ್ಲಿ ಪ್ರೊಫೈಲ್ ಆಗಿ ಉಳಿಸುವುದರ ಜೊತೆಗೆ ಕಾಗದದಲ್ಲಿಯೂ ಬರೆದಿಡಬೇಕು, ಏಕೆಂದರೆ ಬಯೋಸ್ ಏರಿಸಿದಾಗ ಆ ಪ್ರೊಫೈಲ್‌ಗಳು ಅಳಿಸಿಹೋಗಬಹುದು. ಡಿಸೆಂಬರಿನ ರಾತ್ರಿಗಳಲ್ಲಿ ಪರೀಕ್ಷಿಸಿ ಒಪ್ಪಿಕೊಂಡ ಸೆಟ್ಟಿಂಗನ್ನು ಏಪ್ರಿಲ್‌ನ ಮಧ್ಯಾಹ್ನವೊಂದರಲ್ಲಿ ಇನ್ನೊಮ್ಮೆ ಪೂರ್ತಿ ಪರೀಕ್ಷಿಸಬೇಕು, ಆಗಲೂ ತಪ್ಪಿಲ್ಲದೆ ಓಡಿದರೆ ಮಾತ್ರ ಅದನ್ನು ಕಾಯಂ ಆಗಿ ಇಟ್ಟುಕೊಳ್ಳಬಹುದು.